ಎಡ ಎಂಜಿನ್ನಿನ ಡೀಸೆಲ್

ಮೇಷ್ಟ್ರು ಹೋದ ತಿಂಗಳು ಸತ್ತರು. ನನಗೆ ಗೊತ್ತಾದದ್ದು ಹನ್ನೊಂದು ದಿನ ಕಳೆದ ಮೇಲೆ, ರಾಯಪುರಂ ಬಂದರಿನ ಇಂಜೆಕ್ಟರ್ ರಿಪೇರಿ ಅಂಗಡಿಯಲ್ಲಿ. ಅಂಗಡಿಯವನು ನಾಜಲ್ ಒರೆಸುತ್ತಾ, "ಉನ್ ವಾದ್ಯಾರ್ ಪೋಯಿಟ್ಟಾರು ಪಾ, ತೆರಿಯುಮಾ?" ಎಂದ. ನಿನ್ನ ಮೇಷ್ಟ್ರು ಹೋಗಿಬಿಟ್ಟರು, ಗೊತ್ತಾ ಅಂತ. ಗೊತ್ತು ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಅವರು ಶಾಲೆಯ ಮೇಷ್ಟ್ರಲ್ಲ. ಬೋಟಿನ ಡೀಸೆಲ್ ಮೆಕ್ಯಾನಿಕ್. ರಾಯಪುರಂನಲ್ಲಿ ಕೆಲಸ ಬಲ್ಲವರನ್ನೆಲ್ಲ ವಾದ್ಯಾರ್ ಎನ್ನುತ್ತಾರೆ. ನಾನು ಅದನ್ನೇ ಕನ್ನಡ ಮಾಡಿಕೊಂಡು ಮೇಷ್ಟ್ರೇ ಎನ್ನುತ್ತಿದ್ದೆ. ನಾವಿಬ್ಬರೂ ಒಂದೇ ಬೋಟಿನಲ್ಲಿ ಕೆಲಸಕ್ಕಿದ್ದವರು. ಅವರು ಎಂಜಿನ್ ನೋಡಿಕೊಳ್ಳುತ್ತಿದ್ದರು, ನಾನು ಓಡಿಸುತ್ತಿದ್ದೆ. ಡೀಸೆಲ್ ಕದ್ದರು ಎಂದು ಅವರನ್ನು ಕೆಲಸದಿಂದ ತೆಗೆದರು. ಅವರು ಕದ್ದಿರಲಿಲ್ಲ. ಅದು ನನಗೆ ಗೊತ್ತು, ಯಾಕೆಂದರೆ ಡೀಸೆಲ್ ಹಾಳಾಗುವ ಹಾಗೆ ಮಾಡಿದವನು ನಾನು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಅವರು ಬ್ಯಾಡಗಿ ಕಡೆಯವರು. ತಂದೆ ಸೌಕಾರ್‌ಪೇಟೆಗೆ ಮೆಣಸಿನಕಾಯಿ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತರು. ಅಣ್ಣತಮ್ಮಂದಿರೆಲ್ಲ ಅಂಗಡಿಯಲ್ಲಿ ಕೂತರೆ ಇವರೊಬ್ಬರು ಬಂದರಿನ ಕಡೆ ನಡೆದರು. ಅರವತ್ತರ ಹತ್ತಿರದ ವಯಸ್ಸು. ಹಣೆಗೆ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್, ಉಗುರಿನಲ್ಲಿ ಎಂದೂ ಹೋಗದ ಕಪ್ಪು. ಇಲ್ಲೇ ಹುಟ್ಟಿದ್ದರೂ ಮಾತು ಮಾತ್ರ ಪೂರ್ತಿ ಆ ಕಡೆಯದು. ನಮ್ಮ ಮನೆಯದು ಕೋಲಾರದ ಕನ್ನಡ, ಅದರಲ್ಲಿ ಅರ್ಧ ತಮಿಳು. ನಾನು ಬಾಯಿ ಬಿಟ್ಟರೆ ಅವರು ನಗುತ್ತಿದ್ದರು.

"ಇದ್ಯಾವ ಕನ್ನಡಲೇ ತಮ್ಮಾ? ಡೀಸೆಲ್‌ನಾಗ ನೀರು ಬಂದಂಗ ಐತಿ."

"ನಿಮ್ದೇನು ಭಾರಿ ಚೆನ್ನಾಗಿದ್ಯಾ? ಯಾರಾದ್ರೂ ಕೇಳಿದ್ರೆ ಬೈತಿದೀರ ಅನ್ಕೋತಾರೆ."

"ಬೈಯಾಕತ್ತೀನಲ್ಲ ಮತ್ತ."

ಅವರು ಒಳ್ಳೆಯವರು, ಮೃದು ಸ್ವಭಾವ ಎಂದೆಲ್ಲ ಬರೆಯುವುದಿಲ್ಲ. ಮೃದು ಆಗಿರಲಿಲ್ಲ. ಸ್ಪ್ಯಾನರ್ ತಪ್ಪು ಸೈಜಿನದು ಕೊಟ್ಟರೆ ಅದನ್ನೇ ತಿರುಗಿಸಿ ಮೊಣಕೈಗೆ ಕೊಡುತ್ತಿದ್ದರು. ನಾಲ್ಕು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಒಮ್ಮೆ, ಅದೂ ನನ್ನೆದುರಿಗಲ್ಲ. ನಾನು ಡೆಕ್ ತೊಳೆಯುವವನಾಗಿ ಸೇರಿದ್ದೆ. ಹಳೆಯ ಡ್ರೈವರ್ ಬಿಟ್ಟು ಹೋದಾಗ ಮೊದಲಾಳಿ, ಅಂದರೆ ಬೋಟಿನ ಮಾಲೀಕರು, ಹೊರಗಿನಿಂದ ಒಬ್ಬನನ್ನು ತರುತ್ತೇನೆ ಎಂದರು. ಮೇಷ್ಟ್ರು ಅವರ ಹತ್ತಿರ ಹೋಗಿ, "ಇವನ ಕೈಗೆ ಕೊಡಿ. ಇವನು ಎಂಜಿನ್ ಅಳುವ ಹಾಗೆ ಓಡಿಸುವುದಿಲ್ಲ" ಎಂದರಂತೆ. ಅದನ್ನು ಮೊದಲಾಳಿಯ ಲೆಕ್ಕ ನೋಡುವ ಮ್ಯಾನೇಜರ್ ನನಗೆ ಹೇಳಿದ. ನಾನು ಡ್ರೈವರ್ ಆದದ್ದು ಹಾಗೆ.

ಬೋಟಿನ ಬಗ್ಗೆ ಸ್ವಲ್ಪ ಹೇಳಬೇಕು. ಬಿಳಿ ಬೋಟು, ಎರಡು ಎಂಜಿನ್, ಎರಡು ಟ್ಯಾಂಕು, ಒಳಗೆ ಮಲಗಲು ಎರಡು ಕೋಣೆ. ಭಾನುವಾರ ಮೊದಲಾಳಿ ತಮ್ಮ ಗೆಳೆಯರನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುತ್ತಾರೆ, ಗಾಳ ಹಾಕುತ್ತಾರೆ, ಕುಡಿಯುತ್ತಾರೆ, ವಾಪಸ್ ಬರುತ್ತಾರೆ. ಅಷ್ಟೇ ಅದರ ಕೆಲಸ.

ಎರಡು ಎಂಜಿನ್ನಿನ ಬೋಟು ಯಾಕೆ ಜಾಸ್ತಿ ಡೀಸೆಲ್ ಕುಡಿಯುತ್ತದೆ ಎನ್ನುವುದನ್ನು ಮೇಷ್ಟ್ರು ನನಗೆ ಸೌಕಾರ್‌ಪೇಟೆಯ ಬೀದಿಯಲ್ಲಿ ನಿಂತು ಕಲಿಸಿದರು. ಇಬ್ಬರು ಹಮಾಲರು ಒಂದು ದೊಡ್ಡ ಮೂಟೆಯನ್ನು ಹೊತ್ತು ಹೋಗುತ್ತಿದ್ದರು. "ನೋಡು. ಮುಂದಿನವ ಜೋರು ಹೆಜ್ಜಿ ಹಾಕಾಕತ್ತಾನ. ಹಿಂದಿನವ ನಡದಂಗ ಕಾಣತಾನ, ಖರೇ ಅಂದ್ರ ಮೂಟಿಗೆ ಜೋತು ಬಿದ್ದಾನ. ಯಾರು ಸಾಯ್ತಾರ? ಮುಂದಿನವ. ಎರಡೂ ಎಂಜಿನ್ ಒಂದ ಸಮ ತಿರುಗಲಿಲ್ಲಂದ್ರ ಹಿಂಗ ಆಗತೈತಿ." ಹಿಂದಿನ ಹಮಾಲ ಇದನ್ನು ಕೇಳಿಸಿಕೊಂಡು ತಮಿಳಿನಲ್ಲಿ ಒಂದು ಮಾತು ಬೈದ. ಅದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಮೇಷ್ಟ್ರು ಅವನಿಗೆ ಕೈ ಮುಗಿದರು.

ಮೀಟರ್ ಅವರು ನಂಬುತ್ತಿರಲಿಲ್ಲ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಹೊಗೆ ಬರುವ ಕಡೆ ಬಿಳಿ ಕರವಸ್ತ್ರ ಹಿಡಿದು ಎಷ್ಟು ಕಪ್ಪಾಯಿತು ಎಂದು ನೋಡುತ್ತಿದ್ದರು. ಟ್ಯಾಂಕನ್ನು ಗೆರೆ ಹಾಕಿದ ಮರದ ಕೋಲು ಇಳಿಬಿಟ್ಟು ಅಳೆಯುತ್ತಿದ್ದರು. ಪೈಪುಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. "ಕಣ್ಣು ಸುಳ್ಳು ಹೇಳತೈತಿ, ಅಂಗೈ ಹೇಳಂಗಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಬರೋ ಡೀಸೆಲ್ ತಣ್ಣಗ ಇರತೈತಿ. ಸುಡದ ಉಳದದ್ದು ವಾಪಸ್ ಟ್ಯಾಂಕಿಗೆ ಹೋಗತೈತಲ್ಲ, ಅದು ಬೆಚ್ಚಗ." ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಎಳೆದುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಎಂಜಿನ್ ರೂಮಿನಲ್ಲಿ ಯಾರೇ ಏನೇ ಬಿಚ್ಚಲಿ, ಅದಕ್ಕೆ ಕೆಂಪು ಬಟ್ಟೆಯ ಚಿಂದಿ ಕಟ್ಟಬೇಕು. ಮತ್ತೆ ಜೋಡಿಸಿ, ಎಂಜಿನ್ ಓಡಿಸಿ, ಸರಿ ಇದೆ ಎಂದು ಅವರು ನೋಡಿದ ಮೇಲೆ ಅವರೇ ಚಿಂದಿ ಬಿಚ್ಚುತ್ತಿದ್ದರು. ಒಂದು ಬೋಲ್ಟಾದರೂ ಸರಿ. ಅವರಿಲ್ಲದಾಗ ಬಿಚ್ಚುವ ಹಾಗೇ ಇಲ್ಲ. ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು.

ಅವರು ಕೀಲಿ ನನ್ನ ಕೈಗೆ ಕೊಟ್ಟಿದ್ದು ಒಂದೇ ಸಲ, ಆಯುಧಪೂಜೆಗೆ. ಅವರು ಊರಿಗೆ ಹೋಗಬೇಕಿತ್ತು. "ಕುಂಕುಮ ಹಚ್ಚು, ನಿಂಬಿಹಣ್ಣು ಇಡು, ಬಾಗಲಾ ಹಾಕು. ಮತ್ತೇನೂ ಮುಟ್ಟಬ್ಯಾಡ" ಎಂದು ಹೇಳಿ ಹೋದರು.

ನಾನು ಮುಟ್ಟಿದೆ. ಮೊದಲಾಳಿಯ ಮನೆಯವರೆಲ್ಲ ಪೂಜೆಗೆ ಬರುವವರಿದ್ದರು. ಒಳಗೆ ಪೈಪುಗಳ ವಾಲ್ವಿಗೆ ಹಿತ್ತಾಳೆಯ ಹಿಡಿಗಳಿದ್ದವು, ಕಪ್ಪಾಗಿದ್ದವು. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ಅಮ್ಮ ದೀಪ, ತಂಬಿಗೆ ಎಲ್ಲ ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ. ನಾನೂ ಹಾಗೇ ಆರು ಹಿಡಿಗಳನ್ನು ಬಿಚ್ಚಿ, ಬಕೆಟ್ಟಿನಲ್ಲಿ ಹುಣಸೆಹಣ್ಣಿನ ನೀರಿಗೆ ಹಾಕಿ, ಉಜ್ಜಿ, ಬಂಗಾರದ ಹಾಗೆ ಮಾಡಿ ವಾಪಸ್ ಹಾಕಿದೆ. ಮೊದಲಾಳಿಯ ಹೆಂಡತಿ ಬಗ್ಗಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ" ಎಂದರು. ನನಗೆ ಖುಷಿಯಾಯಿತು.

ಅವುಗಳಲ್ಲಿ ಒಂದು ಎಡ ಎಂಜಿನ್ನಿನ ವಾಪಸ್ ಪೈಪಿನದು. ಹಿಡಿಯ ಮೂತಿ ಎಡಕ್ಕಿದ್ದರೆ ಉಳಿದ ಡೀಸೆಲ್ ಎಡ ಟ್ಯಾಂಕಿಗೆ ಹೋಗುತ್ತದೆ, ಬಲಕ್ಕಿದ್ದರೆ ಬಲ ಟ್ಯಾಂಕಿಗೆ. ಅದು ಕೂರುವ ಕಡ್ಡಿ ಚೌಕ. ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ನಾನು ಅದನ್ನು ಹಿಂದುಮುಂದಾಗಿ ಹಾಕಿದ್ದೆ. ಹಾಕಿದ ಮೇಲೆ ಮೂತಿ ಬಲಕ್ಕಿತ್ತು. ಮೇಷ್ಟ್ರು ಯಾವಾಗಲೂ ಎಡಕ್ಕೆ ಇಡುತ್ತಿದ್ದರಲ್ಲ ಎಂದು ನೆನಪಾಗಿ ಅದನ್ನು ಎಡಕ್ಕೆ ತಿರುಗಿಸಿದೆ. ನೋಡಲು ಎಲ್ಲ ಮೊದಲಿನ ಹಾಗೇ ಇತ್ತು. ಒಳಗೆ ವಾಲ್ವು ಬಲಕ್ಕೆ ತೆರೆದುಕೊಂಡಿತ್ತು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಕೆಂಪು ಚಿಂದಿ ಕಟ್ಟಲಿಲ್ಲ. ಕಟ್ಟಿದರೆ ಬಿಚ್ಚಿದ್ದೆ ಎಂದು ಗೊತ್ತಾಗುತ್ತಿತ್ತು.

ಊರಿಂದ ಬಂದ ಮೇಷ್ಟ್ರು ಒಳಗೆ ಇಳಿದವರೇ ಕೇಳಿದರು. "ಹಿತ್ತಾಳಿ ಮಿಂಚಾಕತ್ತೈತಿ. ಬಿಚ್ಚಿದ್ದೇನು?"

"ಇಲ್ಲ ಮೇಷ್ಟ್ರೇ. ಮೇಲಿಂದ ಒರೆಸ್ದೆ ಅಷ್ಟೇ."

"ಖರೇ ಹೇಳು."

"ದೇವರಾಣೆ ಬಿಚ್ಚಿಲ್ಲ."

ಅವರು ಒಂದು ಸಲ ಹಿಡಿಗಳನ್ನೆಲ್ಲ ನೋಡಿದರು. ಮೂತಿಗಳೆಲ್ಲ ಅವರು ಇಟ್ಟ ಕಡೆಗೇ ಇದ್ದವು. "ಮ್ಯಾಲಿಂದ ಒರಸಿದ್ರ ಇಷ್ಟು ಮಿಂಚಂಗಿಲ್ಲ" ಎಂದು ಗೊಣಗಿದರು. ಆದರೆ ನಂಬಿದರು. ಯಾರನ್ನೂ ನಂಬದ ಮನುಷ್ಯ ನನ್ನನ್ನು ನಂಬಿದರು.

ಮುಂದಿನ ಭಾನುವಾರದಿಂದ ಡೀಸೆಲ್ ಜಾಸ್ತಿ ಖರ್ಚಾಗತೊಡಗಿತು. ಒಂದು ದಿನದ ಓಡಾಟಕ್ಕೆ ಎಂದೂ ಹೋಗದಷ್ಟು. ಮ್ಯಾನೇಜರ್ ಮೊದಲು ನನ್ನನ್ನು ಬೈದ, ಜೋರಾಗಿ ಓಡಿಸುತ್ತೀಯ ಎಂದು. ಮೇಷ್ಟ್ರು ಅಡ್ಡ ಬಂದು, ಜೋರಾಗಿ ಓಡಿಸು ಎಂದು ಹೇಳುವವರು ಮೇಲೆ ಕುಳಿತವರು ಎಂದರು. ಆಮೇಲೆ ಹುಡುಕಲು ಶುರು ಮಾಡಿದರು.

ಆ ಎರಡು ತಿಂಗಳು ಅವರು ಮಾಡಿದ ಕೆಲಸ ನಾನು ನೋಡಿದ್ದೇನೆ. ಬೋಟನ್ನು ದಡಕ್ಕೆ ಎಳೆಸಿದರು. ತಳದಲ್ಲಿ ಚಿಪ್ಪು ಬೆಳೆದು ಒರಟಾಗಿತ್ತು. "ಗಡ್ಡ ಬಿಟ್ಟೈತಿ ನೋಡು, ನೀರು ಹಿಡಿಯಾಕತ್ತೈತಿ" ಎಂದು ಇಬ್ಬರೂ ಸೇರಿ ಮೂರು ದಿನ ಕೆರೆದೆವು. ಪ್ರೊಪೆಲ್ಲರ್‌ಗಳನ್ನು ಬಿಚ್ಚಿ ಒಂದರ ಮೇಲೆ ಒಂದು ಇಟ್ಟು ಅಲಗು ಅಳೆದರು. ಇಂಜೆಕ್ಟರ್ ಎಲ್ಲ ಬಿಚ್ಚಿಸಿ ಪರೀಕ್ಷೆ ಮಾಡಿಸಿದರು. ಗಾಳಿ ಫಿಲ್ಟರ್ ಬದಲಿಸಿದರು. ಬೋಟಿನ ಭಾರ ಇಳಿಸಬೇಕೆಂದು ಮೊದಲಾಳಿಯ ದೊಡ್ಡ ಸೋಫಾವನ್ನು ಹೊರಗಿಡಿಸಿದರು. ಅದಕ್ಕೆ ಬೈಗುಳ ತಿಂದರು.

"ನಾಕು ಮಂದಿ ಕುಂದರಾಕ ಹನ್ನೆರಡು ಮಂದಿ ಸೋಫಾ ಯಾಕ ಬೇಕಪಾ ಇವಂಗ?" ಎಂದು ನನ್ನ ಹತ್ತಿರ ಕನ್ನಡದಲ್ಲಿ, ಮೊದಲಾಳಿಯ ಎದುರಿಗೇ.

"ಏನು ಹೇಳುತ್ತಾನೆ?" ಎಂದು ಮೊದಲಾಳಿ ನನ್ನನ್ನು ತಮಿಳಿನಲ್ಲಿ ಕೇಳಿದರು.

"ಸೋಫಾ ಒಳ್ಳೆಯದಿದೆ ಅಂತಾರೆ ಸಾರ್" ಎಂದೆ.

ಒಂದೊಂದು ಕೆಲಸ ಮಾಡಿದಾಗಲೂ ಅವರು ಬೋಟನ್ನು ಪರೀಕ್ಷೆಗೆ ಓಡಿಸುತ್ತಿದ್ದರು. ಆಗೆಲ್ಲ ಖರ್ಚು ಸರಿಯಾಗಿ ಬರುತ್ತಿತ್ತು. ಭಾನುವಾರ ಮೇಷ್ಟ್ರನ್ನು ದಡದಲ್ಲೇ ಬಿಟ್ಟು ಮೊದಲಾಳಿ ಹೋದಾಗ ಮಾತ್ರ ಮತ್ತೆ ಜಾಸ್ತಿ. ಇದು ಮೇಷ್ಟ್ರ ನಿದ್ದೆ ಕೆಡಿಸಿತು. ಈಗ ನನಗೆ ಕಾರಣ ಗೊತ್ತು. ಪರೀಕ್ಷೆಗೆ ಅರ್ಧ ಟ್ಯಾಂಕು ಡೀಸೆಲ್ ಇಟ್ಟುಕೊಂಡು ಹೋಗುತ್ತಿದ್ದೆವು. ಎಡ ಎಂಜಿನ್ನಿನ ಉಳಿದ ಡೀಸೆಲ್ ಬಲ ಟ್ಯಾಂಕಿಗೆ ಬಂದರೂ ಅಲ್ಲಿ ಜಾಗ ಇರುತ್ತಿತ್ತು. ಭಾನುವಾರ ಎರಡೂ ಟ್ಯಾಂಕು ಬಾಯಿವರೆಗೆ ತುಂಬಿರುತ್ತಿತ್ತು. ಬಲ ಟ್ಯಾಂಕಿಗೆ ಹೆಚ್ಚು ಬಂದದ್ದು ಅದರ ಗಾಳಿ ಕೊಳವೆಯಿಂದ ಸಮುದ್ರಕ್ಕೆ ಸುರಿದು ಹೋಗುತ್ತಿತ್ತು.

ಹಾಗಾದರೆ ಎಡ ಟ್ಯಾಂಕು ಬೇಗ ಖಾಲಿಯಾದದ್ದು ಅವರಿಗೆ ಕಾಣಲಿಲ್ಲವೇ? ಕಾಣದ ಹಾಗೆ ಮಾಡಿದವನೂ ನಾನೇ. ಕಟ್ಟೆಗೆ ಬಂದು ಹಗ್ಗ ಕಟ್ಟಿದ ಕೂಡಲೇ ಎರಡೂ ಟ್ಯಾಂಕಿನ ನಡುವಿನ ವಾಲ್ವು ತೆರೆಯುವುದು ನನ್ನ ರೂಢಿ. ಬೋಟು ಒಂದು ಕಡೆ ವಾಲಿ ನಿಂತರೆ ಮ್ಯಾನೇಜರ್ ಬೈಯುತ್ತಿದ್ದ. ಆ ವಾಲ್ವು ಡೆಕ್ಕಿನ ಮೇಲೆಯೇ ಇತ್ತು, ಕೀಲಿ ಬೇಕಿರಲಿಲ್ಲ. ಮೇಷ್ಟ್ರು ಕೋಲು ಇಳಿಸುವಷ್ಟರಲ್ಲಿ ಎರಡೂ ಸಮ ಆಗಿರುತ್ತಿತ್ತು.

ಮ್ಯಾನೇಜರ್ ತನ್ನದೇ ಲೆಕ್ಕ ಹಾಕಿದ. ಮೆಕ್ಯಾನಿಕ್ ಎಲ್ಲರ ಎದುರು ಓಡಿಸಿ ತೋರಿಸಿದಾಗ ಸರಿ, ಇಲ್ಲದಿದ್ದಾಗ ಜಾಸ್ತಿ. ಕೀಲಿ ಇರುವುದು ಒಬ್ಬನ ಹತ್ತಿರ. ಅದರ ಮೇಲೆ ಕಟ್ಟೆಯ ವಾಚ್‌ಮನ್ ಒಂದು ಮಾತು ಸೇರಿಸಿದ, ಇವರು ಆಗಾಗ ಕ್ಯಾನ್ ಹಿಡಿದು ಹೋಗುತ್ತಾರೆ ಎಂದು. ಅದು ಫಿಲ್ಟರಿನಿಂದ ಇಳಿಸಿದ ನೀರು ಬೆರೆತ ಡೀಸೆಲ್. ಬಿಡಿಭಾಗ ತೊಳೆಯಲು ಒಯ್ಯುತ್ತಿದ್ದರು. ಅದು ನನಗೂ ಗೊತ್ತಿತ್ತು, ವಾಚ್‌ಮನ್‌ಗೂ ಗೊತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೊದಲಾಳಿ ಕಟ್ಟೆಗೇ ಬಂದರು. ಮ್ಯಾನೇಜರ್ ಮೇಷ್ಟ್ರ ಸ್ಪ್ಯಾನರ್ ಚೀಲವನ್ನು ತಲೆಕೆಳಗು ಮಾಡಿ ನೆಲಕ್ಕೆ ಸುರಿದ. ಏನು ಸಿಗುತ್ತದೆ ಎಂದುಕೊಂಡಿದ್ದನೋ. ಸುತ್ತ ಮೀನು ಬೋಟಿನವರು ಬಲೆ ಬಿಟ್ಟು ನೋಡುತ್ತಾ ನಿಂತರು. ಅವರಲ್ಲಿ ಅರ್ಧ ಜನಕ್ಕೆ ಮೇಷ್ಟ್ರೇ ಎಂಜಿನ್ ಕೆಲಸ ಕಲಿಸಿದವರು.

ಮೇಷ್ಟ್ರು ತಮಿಳಿನಲ್ಲಿ ಹೇಳಿದ್ದು ಇಷ್ಟೇ. "ಇನ್ನು ನಾಲ್ಕು ದಿನ ಕೊಡಿ. ಡೀಸೆಲ್ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿ ಕೊಡುತ್ತೇನೆ."

"ಎಲ್ಲಿಗೆ ಹೋಗುತ್ತಿದೆ ಎಂದು ನಮಗೆ ಗೊತ್ತು" ಎಂದರು ಮೊದಲಾಳಿ. "ಪೊಲೀಸಿಗೆ ಕೊಡುತ್ತಿಲ್ಲ, ವಯಸ್ಸಾಗಿದೆ ಎಂದು. ಕೀಲಿ ಇಟ್ಟು ಹೋಗು."

ಮೇಷ್ಟ್ರು ಕೀಲಿ ಇಟ್ಟರು. ಕೂತು ಒಂದೊಂದೇ ಸ್ಪ್ಯಾನರ್ ಎತ್ತಿ, ಒರೆಸಿ, ಸೈಜಿನ ಪ್ರಕಾರ ಚೀಲಕ್ಕೆ ಹಾಕತೊಡಗಿದರು. ನಾನು ಬಗ್ಗಿ ಒಂದನ್ನು ಎತ್ತಿಕೊಟ್ಟೆ.

"ನೀ ಬ್ಯಾಡ. ನಿನ್ನ ಮ್ಯಾಲೂ ಬರತೈತಿ, ದೂರ ನಿಂದ್ರು" ಎಂದರು.

ದೂರ ನಿಂತೆ.

ಅವರು ಹೋದ ಮೇಲಿನ ಮೂರನೇ ಭಾನುವಾರ, ಬಂದರಿನ ಬಾಯಿ ದಾಟುವಾಗ ಪಕ್ಕದಲ್ಲಿ ಬರುತ್ತಿದ್ದ ಮೀನು ಬೋಟಿನವನೊಬ್ಬ ಕೂಗಿದ. "ಏಯ್ ತಂಬಿ! ನಿನ್ನ ಬೋಟು ಉಚ್ಚೆ ಹೊಯ್ಯುತ್ತಿದೆ ನೋಡು!" ಅವನ ಬೋಟಿನಲ್ಲಿದ್ದವರೆಲ್ಲ ನಕ್ಕರು. ನಾನು ಬಲಗಡೆ ಬಗ್ಗಿ ನೋಡಿದೆ. ಗಾಳಿ ಕೊಳವೆಯಿಂದ ಸಣ್ಣಗೆ ಡೀಸೆಲ್ ಸುರಿಯುತ್ತಿತ್ತು. ನೀರಿನ ಮೇಲೆ ಬಣ್ಣ ಬಣ್ಣ.

ಚಕ್ರವನ್ನು ಡೆಕ್ ಹುಡುಗನಿಗೆ ಕೊಟ್ಟು, ಎಂಜಿನ್ ನೋಡುತ್ತೇನೆ ಎಂದು ಮೊದಲಾಳಿಯಿಂದ ಕೀಲಿ ಇಸಿದುಕೊಂಡು ಕೆಳಗಿಳಿದೆ. ಮೇಷ್ಟ್ರು ಹೇಳಿದ ಹಾಗೆ ಪೈಪುಗಳನ್ನು ಒಂದೊಂದೇ ಹಿಡಿದು ನೋಡಿದೆ. ಎಡ ಟ್ಯಾಂಕಿಗೆ ಹೋಗುವ ವಾಪಸ್ ಪೈಪು ತಣ್ಣಗಿತ್ತು. ಎಡ ಎಂಜಿನ್ನಿಂದ ಬಲಕ್ಕೆ ಹೋಗುವ ಪೈಪು ಬೆಚ್ಚಗಿತ್ತು. ಹಿಡಿಯ ಮೂತಿ ಮಾತ್ರ ಎಡಕ್ಕೇ ಇತ್ತು. ಆಯುಧಪೂಜೆಗೆ ನಾನು ಬಿಚ್ಚಿ ಹಾಕಿದ ಹಿಡಿ ಅದು. ಆಮೇಲೆ ಹಿಡಿ ಬಿಚ್ಚಿ, ವಾಲ್ವು ತಿರುಗಿಸಿ, ಹಿಡಿಯನ್ನು ಸರಿಯಾಗಿ ಹಾಕಿದೆ. ಎರಡು ನಿಮಿಷದ ಕೆಲಸ.

ಆ ವಾರ ಖರ್ಚು ಇಳಿಯಿತು. ಮುಂದಿನ ವಾರವೂ ಹಾಗೇ. ಮೊದಲಾಳಿ ಗೆಳೆಯರ ಮುಂದೆ ನನ್ನ ಭುಜ ತಟ್ಟಿ, "ನೋಡಿದಿರಾ? ಕಳ್ಳ ಹೋದ, ಡೀಸೆಲ್ ಉಳಿಯಿತು" ಎಂದರು. ಎಲ್ಲರೂ ನಕ್ಕರು. ಎಂಜಿನ್ ರೂಮಿನ ಕೀಲಿಯನ್ನು ಇನ್ನು ನೀನೇ ಇಟ್ಟುಕೋ ಎಂದು ನನ್ನ ಕೈಗೆ ಕೊಟ್ಟರು. ಮೇಷ್ಟ್ರ ಮೇಲಿದ್ದ ಅನುಮಾನವನ್ನು ಪಕ್ಕಾ ಮಾಡಿದ್ದು ನಾನು ಮಾಡಿದ ಆ ರಿಪೇರಿ. ನಾನು ಬಾಯಿ ಬಿಡಲಿಲ್ಲ.

ಮೇಷ್ಟ್ರು ಆಗ ರಾಯಪುರಂನಲ್ಲೇ ಮೀನು ಬೋಟುಗಳಿಗೆ ಸಿಕ್ಕ ಕೆಲಸ ಮಾಡುತ್ತಿದ್ದರು. ಕ್ಯಾನ್ ಹಿಡಿದು ನಡೆದರೆ ಹುಡುಗರು, "ವಾದ್ಯಾರೇ, ನಮಗೂ ಒಂದು ಲೀಟರ್" ಎನ್ನುತ್ತಿದ್ದರಂತೆ. ಒಂದು ದಿನ ಹೋದೆ. ಒಂದು ಮುರಿದ ಬೋಟಿನ ನೆರಳಲ್ಲಿ ಕೂತು ಪಂಪ್ ಬಿಚ್ಚುತ್ತಿದ್ದರು.

"ಡೀಸೆಲ್ ಎಲ್ಲಿಗೆ ಹೋಗ್ತಿತ್ತು ಗೊತ್ತಾಯ್ತು ಮೇಷ್ಟ್ರೇ. ಬಲ ಟ್ಯಾಂಕಿನ ಗಾಳಿ ಕೊಳವೆಯಿಂದ."

ಅವರು ತಲೆ ಎತ್ತಲಿಲ್ಲ. "ಎಡದ್ದರ ವಾಪಸ್ ಹಿಡಿ" ಎಂದರು. "ಬಿಚ್ಚಿದ್ದಿ."

"ಹೂಂ."

"ಹುಣಸಿಹಣ್ಣು ಹಾಕಿ."

"ಹೂಂ."

ಬೈಯುತ್ತಾರೆ, ಸ್ಪ್ಯಾನರಿನಲ್ಲಿ ಕೊಡುತ್ತಾರೆ ಎಂದು ಕಾದೆ. ಕೊಟ್ಟಿದ್ದರೆ ಚೆನ್ನಾಗಿತ್ತು. "ನಾ ಆ ಪೈಪು ಒಂದು ಸಲ ಮುಟ್ಟಿದ್ರ ಸಾಕಿತ್ತು" ಎಂದರು. "ಎಲ್ಲಾ ಮುಟ್ಟಿದೆ, ಅದೊಂದು ಬಿಟ್ಟೆ. ನೀ ಬಿಚ್ಚಿಲ್ಲ ಅಂದ್ಯಲ್ಲ." ಆಮೇಲೆ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. "ಹೋಗಿ ಅವಂಗ ಹೇಳು. ಕೆಲಸಾ ವಾಪಸ್ ಬ್ಯಾಡ. ಹೇಳಿದ್ರ ಸಾಕು."

"ಹೇಳ್ತೀನಿ ಮೇಷ್ಟ್ರೇ."

"ಯಾವಾಗ?"

"ಈ ಭಾನುವಾರ."

ಹೇಳಲಿಲ್ಲ. ಆ ಭಾನುವಾರವೂ ಇಲ್ಲ, ಮುಂದಿನದೂ ಇಲ್ಲ. ಕಾರಣ ಕೇಳಿದರೆ ದೊಡ್ಡದೇನೂ ಇಲ್ಲ. ಹೆದರಿಕೆ. ಹೇಳಿದರೆ ಕೆಲಸ ಹೋಗುತ್ತದೆ. ಎಂಟು ತಿಂಗಳು ಆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದೆ. ಎರಡು ಸಲ ದೂರದಿಂದ ಅವರು ನನ್ನನ್ನು ನೋಡಿದರು. ಕೂಗಲಿಲ್ಲ. ಕಾಯುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಸತ್ತ ಸುದ್ದಿ ಕೇಳಿದ ಮೇಲೆ ಹೇಳಿದೆ. ಮೊದಲಾಳಿ ಗಾಳದ ದಾರ ಬಿಡಿಸುತ್ತಾ ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. "ಅವನೇ ಇಲ್ಲವಲ್ಲ, ಈಗ ಯಾಕೆ ಅದೆಲ್ಲ?" ಎಂದರು. "ಇನ್ನು ಮೇಲೆ ಉಜ್ಜಬೇಡ. ಭಾನುವಾರಕ್ಕೆ ಎಂಟು ಜನ, ಟ್ಯಾಂಕು ತುಂಬಿಸು." ಎಂಟು ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ. ಅವರಿಗೆ ಅದು ಒಂದು ಸಣ್ಣ ವಿಷಯ. ಟ್ಯಾಂಕು ತುಂಬಿಸಿದೆ.

ಆಮೇಲೆ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಗುರುತು ಹಿಡಿದರು. "ನೀನ ಅಲ್ಲ, ಕೋಲಾರದಾವ? ಬಾ, ಕುಂದ್ರು." ನೀರು ಕೊಟ್ಟರು. ಕೂತು ಎಲ್ಲ ಹೇಳಿದೆ. ಅವರು ಅಳಲಿಲ್ಲ.

"ನನ್ನ ಮುಂದ ಹೇಳಿದ್ರ ಏನಾತು? ಅವರು ಕದ್ದಿಲ್ಲ ಅನ್ನೋದು ನನಗ ಮೊದಲ ಗೊತ್ತೈತಿ."

"ಎಲ್ರಿಗೂ ಗೊತ್ತಾಗೋ ಹಾಗೆ ಮಾಡ್ತೀನಿ ಅಮ್ಮಾ. ನಮ್ಮ ಕನ್ನಡ ಸಂಘದ ಪುಸ್ತಕಕ್ಕೆ ಬರ್ಕೊಡ್ತೀನಿ. ಅವರ ಹೆಸರು ಹಾಕಿ, ಅವರು ಕಳ್ಳ ಅಲ್ಲ ಅಂತ."

ಅವರು ಗಾಬರಿಯಾದರು. ಎದ್ದು ಬಾಗಿಲು ಮುಂದೆ ಮಾಡಿದರು. "ಹುಚ್ಚ ಅದೀಯೇನು? ಸೌಕಾರ್‌ಪ್ಯಾಟ್ಯಾಗ ನಮ್ಮ ಮಂದಿಗೆ ಯಾರಿಗೂ ಗೊತ್ತಿಲ್ಲ. ಮೊಣಕಾಲ ನೋವು, ಕೆಲಸಾ ಬಿಟ್ರು ಅಂತ ಹೇಳೇವಿ. ಕಳ್ಳ ಅಲ್ಲ ಅಂತ ನೀ ಬರದ್ರ, ಕಳ್ಳ ಅಂದಿದ್ರು ಅನ್ನೋದು ಊರಿಗೆಲ್ಲ ಗೊತ್ತಾಗತೈತಿ. ಹೆಸರು ಹಾಕಬ್ಯಾಡ."

"ಆಯ್ತು, ನನ್ನ ಹೆಸರಾದ್ರೂ ಹಾಕ್ಕೋತೀನಿ. ತಪ್ಪು ಮಾಡಿದೋನು ನಾನು ಅಂತ."

"ನಿಂದೂ ಬ್ಯಾಡ. ನೀ ಯಾವ ಬೋಟಿನಾಗ ಇದ್ದಿ ಅಂತ ಗೊತ್ತಾದ್ರ ಇವರು ಯಾರು ಅಂತ ತಿಳೀತೈತಿ."

ಅದಕ್ಕೇ ಊರು ಬದಲಿಸಿದ್ದೇನೆ, ಅವರ ಮನೆಯ ವ್ಯಾಪಾರ ಬದಲಿಸಿದ್ದೇನೆ, ನನ್ನ ಊರನ್ನೂ ಬದಲಿಸಿದ್ದೇನೆ. ಸಂಘದವರು ಕೆಳಗೆ ಯಾರ ಹೆಸರೂ ಹಾಕದೆ ಅಚ್ಚು ಮಾಡಲು ಒಪ್ಪಿದ್ದಾರೆ. ಅವರ ಹೆಸರು ಇಲ್ಲದಿರುವುದು ಅವರ ಮಾನಕ್ಕಾಗಿ. ನನ್ನ ಹೆಸರು ಇಲ್ಲದಿರುವುದರಿಂದ ಈ ಸಲವೂ ಬಚಾವಾದವನು ನಾನೇ.